ಹಾಡುವ ಪೆಟ್ಟಿಗೆ ಕೆಟ್ಟಾಗ

(ಕೂಟದ ವಸಂತ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಇಂಥ ವೇದಿಕೆಯ ಮೇಲೆ ಸಾಮಾನ್ಯವಾಗಿ ಪಂಪ, ಕುಮಾರವ್ಯಾಸ, ಕುವೆಂಪು, ಬೇಂದ್ರೆಯವರ ವಿಚಾರ ಬರುತ್ತದೆ. ನಾನು ತಂದಿರುವ ವಿಚಾರ ಅಂಗೈ ಅಗಲದ್ದು. ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುವ ಯಂತ್ರ ಕೆಟ್ಟುಹೋದರೆ ಅದರ ಸ್ಥಾನಕ್ಕೆ ಎಂಥದನ್ನು ತರಬೇಕು ಎಂಬುದಷ್ಟೇ ಇಂದಿನ ನನ್ನ ವಿಷಯ. ಕಾರ್ಯದರ್ಶಿಗಳು ದೂರವಾಣಿಯಲ್ಲಿ ಇದನ್ನು ಕೇಳಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ನಮ್ಮ ಮನೆಯಲ್ಲೂ ಒಂದು ಕೆಟ್ಟು ಕೂತಿದೆ, ಬನ್ನಿ" ಎಂದರು. ಆ ಧೈರ್ಯದ ಮೇಲೆ ನಿಮ್ಮೆದುರು ನಿಂತಿದ್ದೇನೆ.

ನನ್ನ ತಾಯಿಗೆ 84 ವರ್ಷ. ಎಡಿಸನ್ ಪಟ್ಟಣದ ನಮ್ಮ ಮನೆಯಲ್ಲಿದ್ದಾರೆ. ದೃಷ್ಟಿ ಬಹುಮಟ್ಟಿಗೆ ಮಂದವಾಗಿದೆ. ಓದು ನಿಂತು ಹಲವು ವರ್ಷಗಳಾದವು. ಅವರ ದಿನ ಆರಂಭವಾಗುತ್ತಿದ್ದುದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಯಂತ್ರದಿಂದ. ಅದರ ಐದು ಗುಂಡಿಗಳು ಅವರ ಬೆರಳಿಗೆ ಬಾಯಿಪಾಠವಾಗಿದ್ದವು. ಅದರಲ್ಲಿ ದೇವರನಾಮಗಳಿದ್ದವು, ಭಾವಗೀತೆಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ಸೋದರಮಾವ 1983ರಲ್ಲಿ ಮೈಸೂರಿನ ತಮ್ಮ ನಡುಮನೆಯಲ್ಲಿ ಕುಳಿತು ಕುಮಾರವ್ಯಾಸ ಭಾರತದ ಕೆಲವು ಸಂಧಿಗಳನ್ನು ಗಮಕದಲ್ಲಿ ಹಾಡಿದ್ದಿತ್ತು. ಮಾವ ಹೆಸರಾಂತ ಗಮಕಿಯೇನಲ್ಲ, ಶಾಲೆಯ ಮೇಷ್ಟ್ರು. ಆ ಧ್ವನಿಮುದ್ರಣದಲ್ಲಿ ನಡುನಡುವೆ ಅಡಿಗೆಮನೆಯ ಕುಕ್ಕರಿನ ಸೀಟಿ ಕೇಳುತ್ತದೆ, ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಕೇಳುತ್ತದೆ. ಅವರು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು.

ಜನವರಿಯ ಒಂದು ಬೆಳಿಗ್ಗೆ ಯಂತ್ರ ಏಳಲಿಲ್ಲ. ವಿದ್ಯುತ್ತಿಗೆ ಜೋಡಿಸಿದೆವು, ಗಣಕಯಂತ್ರಕ್ಕೆ ಜೋಡಿಸಿದೆವು, ಉಸಿರಿಲ್ಲ. ನೆವಾರ್ಕಿನ ಒಂದು ಸಣ್ಣ ದುರಸ್ತಿ ಅಂಗಡಿಯವರು ಬೆಸುಗೆ ಬಿಡಿಸಿ ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಕೂರಿಸಿದರೂ ಪ್ರಯೋಜನವಾಗಲಿಲ್ಲ. ಅಮ್ಮ ಎರಡು ದಿನ "ಹೋಗಲಿ ಬಿಡು, ಯಂತ್ರ ತಾನೆ" ಎಂದರು. ಮೂರನೆಯ ದಿನ ನಾನು ಕೆಲಸದಿಂದ ಬರುತ್ತಿದ್ದಂತೆ, "ಅಣ್ಣಯ್ಯ ಸರಿಹೋದನೇನೋ?" ಎಂದು ಕೇಳಿದರು. ಯಂತ್ರ ಸರಿಹೋಯಿತೇ ಎಂದು ಅವರು ಕೇಳಲಿಲ್ಲ ಎಂಬುದನ್ನು ಗಮನಿಸಬೇಕು.

ಮಾವನ ಧ್ವನಿ ಆ ಯಂತ್ರದ ಒಳಗಣ ಸ್ಮೃತಿಯಲ್ಲಿತ್ತು. ತೆಗೆದು ಬೇರೆಡೆ ಹಾಕುವ ಬಿಡಿ ಕಾರ್ಡಿನಲ್ಲಿರಲಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಅದನ್ನು ತುಂಬಿಸಿಕೊಟ್ಟ ನನ್ನ ಅಕ್ಕನ ಮಗ ಆಗ ಬಳಸಿದ ಗಣಕಯಂತ್ರ ಎಂದೋ ಕಸಕ್ಕೆ ಹೋಗಿತ್ತು. ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಯಾವ ಯಂತ್ರವಾದರೂ ಒಂದು ದಿನ ಸಾಯುತ್ತದೆ. ಸಾಯುವಾಗ ತನ್ನೊಳಗಿನ ಧ್ವನಿಯನ್ನೂ ಜೊತೆಗೆ ಕರೆದೊಯ್ಯುತ್ತದೆಯೋ, ಬಿಟ್ಟು ಹೋಗುತ್ತದೆಯೋ? ಬದಲಿ ಯಂತ್ರ ಕೊಳ್ಳುವವರು ಬೆಲೆ, ಬಣ್ಣ, ತೂಕಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು ಎಂದು ನನಗೆ ತೋರುತ್ತದೆ.

ಈ ಪ್ರಶ್ನೆ ಹೊಸದಲ್ಲ, ಅದರ ಹುಟ್ಟೂರು ನಮ್ಮ ನೆರೆಯಲ್ಲೇ ಇದೆ. ನಾವು ದೋಸೆ ತಿನ್ನಲು ಹೋಗುವ ಓಕ್ ಟ್ರೀ ರಸ್ತೆಯಿಂದ ಕಾರಿನಲ್ಲಿ ಕೆಲವೇ ನಿಮಿಷಗಳ ದೂರದ ಮೆನ್ಲೋ ಪಾರ್ಕಿನಲ್ಲಿ 1877ರಲ್ಲಿ ಥಾಮಸ್ ಎಡಿಸನ್ ಧ್ವನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫನ್ನು ನಿರ್ಮಿಸಿದ. ಆಗ ಆ ಊರಿನ ಹೆಸರು ರಾರಿಟನ್. ಎಡಿಸನ್ ಎಂದಾದದ್ದು 1954ರಲ್ಲಿ. ಮುಂದೆ 1912ರಲ್ಲಿ ಆತನ ಕಂಪನಿ ವಜ್ರದ ಸೂಜಿಯಿಂದ ನುಡಿಯುವ, ಕಾಲಂಗುಲ ದಪ್ಪದ ಡೈಮಂಡ್ ಡಿಸ್ಕ್ ಧ್ವನಿಮುದ್ರಿಕೆಗಳನ್ನು ಹೊರತಂದಿತು. ನಾದದ ಗುಣದಲ್ಲಿ ಅವು ಆ ಕಾಲದ ಉತ್ತಮ ಮುದ್ರಿಕೆಗಳಲ್ಲಿ ಸೇರಿದ್ದವು. ಆದರೆ ಅವುಗಳ ಗೆರೆಯಲ್ಲಿ ಸೂಜಿ ಮೇಲಕ್ಕೂ ಕೆಳಕ್ಕೂ ಆಡಬೇಕಿತ್ತು. ಇದೇ ರಾಜ್ಯದ ಕ್ಯಾಮ್ಡೆನ್ನಿನಲ್ಲಿದ್ದ ವಿಕ್ಟರ್ ಕಂಪನಿಯ ತಟ್ಟೆಗಳಲ್ಲಾದರೋ ಸೂಜಿ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಹಾಗಾಗಿ ಎಡಿಸನ್ ತಟ್ಟೆ ವಿಕ್ಟರ್ ಯಂತ್ರದಲ್ಲಿ ವಿಶೇಷ ಜೋಡಣೆಯಿಲ್ಲದೆ ನುಡಿಯುತ್ತಿರಲಿಲ್ಲ. 1929ರಲ್ಲಿ ಎಡಿಸನ್ ಕಂಪನಿ ಧ್ವನಿಮುದ್ರಿಕೆಗಳ ವ್ಯಾಪಾರವನ್ನೇ ನಿಲ್ಲಿಸಿತು. ಆ ತಟ್ಟೆಗಳನ್ನು ಕೊಂಡವರ ಮನೆಯಲ್ಲಿ ಹಾಡಿಗೆ ಏನೂ ಆಗಿರಲಿಲ್ಲ. ಅದನ್ನು ನುಡಿಸುವ ಯಂತ್ರಕ್ಕೆ ವಾರಸುದಾರರಿಲ್ಲವಾಯಿತು. ಒಳ್ಳೆಯ ನಾದವನ್ನು ಒಂದೇ ಮನೆತನದ ಯಂತ್ರಕ್ಕೆ ಕಟ್ಟಿಹಾಕಿದ ಫಲವಿದು.

ಇದಕ್ಕೆ ವಿರುದ್ಧವಾದದ್ದು ಕ್ಯಾಸೆಟ್ಟಿನ, ಅಂದರೆ ಧ್ವನಿಸುರುಳಿಯ ಕಥೆ. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿತು. ಅದರ ವಿನ್ಯಾಸವನ್ನು ಇತರ ತಯಾರಕರಿಗೂ ಬಿಟ್ಟುಕೊಟ್ಟಿತು. ಪರಿಣಾಮವಾಗಿ ಬೆಂಗಳೂರಿನಲ್ಲಿ ತುಂಬಿದ ಸುರುಳಿ ನ್ಯೂಯಾರ್ಕಿನ ಯಾವ ಪೆಟ್ಟಿಗೆಯಲ್ಲಾದರೂ ನುಡಿಯಿತು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದಿತು. ಆ ಬಳಿಕ ಭಾವಗೀತೆ ಮನೆಮನೆಗೆ ಸುರುಳಿಯ ರೂಪದಲ್ಲೇ ಹೋಯಿತು. ಇಲ್ಲಿಂದ ಊರಿಗೆ ಹೋಗುವವರು ಜ್ಯಾಕ್ಸನ್ ಹೈಟ್ಸಿನ 74ನೆಯ ಬೀದಿಯಲ್ಲಿ 220 ವೋಲ್ಟಿನ ಟೂ-ಇನ್-ಒನ್ ಕೊಂಡು ಹೊತ್ತರು. ಬರುವಾಗ ಚಟ್ನಿಪುಡಿಯ ಡಬ್ಬಿಗಳ ನಡುವೆ ಅಶ್ವತ್ಥರ ಹಾಡುಗಳ ಸುರುಳಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಅನೇಕ ಮನೆಗಳಲ್ಲಿ ಕಾಗದ ಬರೆಯುವುದಕ್ಕೆ ಬದಲಾಗಿ ಸುರುಳಿಯಲ್ಲಿ ಮಾತಾಡಿ ಕಳುಹಿಸುವ ಪದ್ಧತಿಯೂ ಇತ್ತು. ನಿಮ್ಮಲ್ಲಿ ಹಿರಿಯರು ತಲೆದೂಗುತ್ತಿರುವುದನ್ನು ನೋಡುತ್ತಿದ್ದೇನೆ.

1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊದಲ ವಾಕ್‌ಮನ್ ಎರಡು ಸಾಮಾನ್ಯ ಡಬಲ್-ಎ ಬ್ಯಾಟರಿಗಳಿಂದ ನಡೆಯುತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ. ಆ ಯಂತ್ರಕ್ಕೆ ಬೇಕಾದ ಬ್ಯಾಟರಿ ಇಂದಿಗೂ ನಮ್ಮ ಬೀದಿಯ ಔಷಧದಂಗಡಿಯಲ್ಲಿ ಸಿಗುತ್ತದೆ. ಆದರೆ 2010ರಲ್ಲಿ ಕೊಂಡ ಎಷ್ಟೋ ಯಂತ್ರಗಳಿಗೆ ಬೇಕಾದ ಬ್ಯಾಟರಿ ಎಲ್ಲಿಯೂ ಸಿಗುವುದಿಲ್ಲ.

ಆಪಲ್ ಕಂಪನಿ 2001ರ ಅಕ್ಟೋಬರ್ 23ರಂದು ಐಪಾಡ್ ಪ್ರಕಟಿಸಿತು. 5 ಗಿಗಾಬೈಟ್, ಸಾವಿರ ಹಾಡು, 399 ಡಾಲರ್. ಸಾವಿರ ಹಾಡು ಜೇಬಿಗೆ ಬಂದದ್ದು ಪವಾಡವೇ. ಆದರೆ ಬ್ಯಾಟರಿಯನ್ನು ಬಳಸುವವರು ತಾವೇ ತೆಗೆದು ಹಾಕುವಂತಿರಲಿಲ್ಲ. 2003ರಲ್ಲಿ ನ್ಯೂಯಾರ್ಕಿನ ಕೇಸಿ ಮತ್ತು ವ್ಯಾನ್ ನೈಸ್ಟಾಟ್ ಎಂಬ ಸೋದರರು ಈ ವಿಚಾರವನ್ನೇ ಹಿಡಿದು ಒಂದು ಪುಟ್ಟ ಚಲನಚಿತ್ರ ತೆಗೆದರು. ಇದರ ಬ್ಯಾಟರಿ ಬದಲಿಸಲಾಗದು, ಹದಿನೆಂಟು ತಿಂಗಳಷ್ಟೇ ಬಾಳುತ್ತದೆ ಎಂದು ಮ್ಯಾನ್‌ಹಟನ್ನಿನ ಬೀದಿಗಳಲ್ಲಿದ್ದ ಕಂಪನಿಯ ಜಾಹೀರಾತುಗಳ ಮೇಲೆಯೇ ಬಣ್ಣ ಸಿಂಪಡಿಸಿ ಬರೆಯುತ್ತ ಹೋಗುವ ದೃಶ್ಯ ಅದರಲ್ಲಿದೆ. ಗೋಡೆಬರಹವನ್ನು ನಾನು ಅನುಮೋದಿಸುತ್ತಿಲ್ಲ. ಆದರೆ ದೂರು ನ್ಯಾಯವಾದದ್ದು. ಅದೇ ವರ್ಷದ ಕೊನೆಯ ಹೊತ್ತಿಗೆ ಕಂಪನಿ 99 ಡಾಲರಿಗೆ ಬ್ಯಾಟರಿ ಬದಲಿಸಿಕೊಡುವ ಏರ್ಪಾಡು ಮಾಡಿತು. ಬ್ಯಾಟರಿಯ ಬಗ್ಗೆ ಗ್ರಾಹಕರು ಹೂಡಿದ ಮೊಕದ್ದಮೆ 2005ರಲ್ಲಿ ರಾಜಿಯಲ್ಲಿ ಮುಗಿಯಿತು. ಐಪಾಡಿನ ಕೊನೆಯ ಮಾದರಿಯನ್ನು ಕಂಪನಿ 2022ರ ಮೇ ತಿಂಗಳಲ್ಲಿ ನಿಲ್ಲಿಸಿತು.

ಬ್ಯಾಟರಿಯೊಂದೇ ಕಾರಣವಲ್ಲ. ಮೈಕ್ರೋಸಾಫ್ಟಿನ 30 ಗಿಗಾಬೈಟಿನ ಜೂನ್ ಎಂಬ ಯಂತ್ರಗಳು 2008ರ ಡಿಸೆಂಬರ್ 31ರಂದು ಒಟ್ಟಿಗೇ ಸ್ತಬ್ಧವಾದವು. ಅದು ಅಧಿಕ ವರ್ಷ; ಅದರ 366ನೆಯ ದಿನವನ್ನು ಲೆಕ್ಕ ಹಾಕುವಲ್ಲಿ ಯಂತ್ರದೊಳಗಿನ ಗಡಿಯಾರದ ತಂತ್ರಾಂಶ ಸುಳಿಗೆ ಸಿಕ್ಕಿತ್ತು. ಬ್ಯಾಟರಿ ಪೂರ್ತಿ ಇಳಿದು ಹೊಸ ವರ್ಷ ಹುಟ್ಟಿದ ಮೇಲೆ ಎಚ್ಚರವಾದವು. ನಮ್ಮ ಪಂಚಾಂಗದವರಾದರೆ ಅಧಿಕ ಮಾಸವನ್ನೇ ನಿಭಾಯಿಸುತ್ತಾರೆ! ನಗೆಯ ಮಾತು ಹಾಗಿರಲಿ. ಅದೇ ವರ್ಷ ಅದೇ ಕಂಪನಿ ತನ್ನ ಹಳೆಯ ಸಂಗೀತದ ಅಂಗಡಿಯಲ್ಲಿ ಕೊಂಡ ಹಾಡುಗಳಿಗೆ ಪರವಾನಗಿಯ ಕೀಲಿ ನೀಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಗ್ರಾಹಕರ ಪ್ರತಿಭಟನೆಯಿಂದ ಆ ಗಡುವು ಮುಂದಕ್ಕೆ ಹೋಯಿತು. ದುಡ್ಡು ಕೊಟ್ಟು ಕೊಂಡ ಹಾಡನ್ನು ಹೊಸ ಯಂತ್ರದಲ್ಲಿ ಕೇಳಲು ಇನ್ನೊಬ್ಬರ ಕೀಲಿ ಬೇಕು ಎಂದರೆ ಅದು ನಮ್ಮದಲ್ಲ, ಬಾಡಿಗೆಯದು. ಎಡಿಸನ್ ತಟ್ಟೆಯ ಕಥೆಯೇ ಎಂಬತ್ತು ವರ್ಷದ ಬಳಿಕ ಬೇರೆ ವೇಷದಲ್ಲಿ ಬಂದಿತ್ತು.

ಇಷ್ಟು ಪೀಠಿಕೆಯ ಮೇಲೆ ಇಂದಿನ ಕೊಳ್ಳುವಿಕೆಗೆ ಬರುತ್ತೇನೆ. ಫೋನ್ ಇದೆಯಲ್ಲ, ಬೇರೆ ಯಂತ್ರ ಏಕೆ ಎಂದು ಕಿರಿಯರು ಕೇಳುತ್ತಾರೆ. ಕಣ್ಣು, ಬೆರಳು ಚುರುಕಾಗಿರುವವರಿಗೆ, ಅಂತರ್ಜಾಲದಲ್ಲಿ ಬರುವ ಹಾಡುಗಳಲ್ಲೇ ತೃಪ್ತಿಯಿರುವವರಿಗೆ ಫೋನು ಧಾರಾಳವಾಗಿ ಸಾಕು. ಅವರು ಹಣ ಖರ್ಚು ಮಾಡುವುದು ಬೇಡ. ಆದರೆ ನನ್ನ ಮಾವನ ಗಮಕ ಯಾವ ಅಂತರ್ಜಾಲ ಸೇವೆಯಲ್ಲೂ ಇಲ್ಲ. ಅಮ್ಮನಂಥವರಿಗೆ ಫೋನು ಎಂದರೆ ಗಾಜಿನ ಚೂರು. ನಾನು ಆತುರದಲ್ಲಿ ಮೊದಲು ಕೊಂಡು ತಂದದ್ದು ಸ್ಪರ್ಶಪರದೆಯ ಒಂದು ಸುಂದರ ಯಂತ್ರವನ್ನೇ. ಅಮ್ಮ ಅದನ್ನು ಎರಡು ಕೈಯಲ್ಲೂ ತಿರುಗಿಸಿ ನೋಡಿ, "ಇದರಲ್ಲಿ ಒತ್ತೋದು ಎಲ್ಲಿ ಕಣೋ?" ಎಂದರು. ಒತ್ತುವ ಕಡೆ ಇರಲಿಲ್ಲ. ಮರುವಾರವೇ ಅಂಗಡಿಗೆ ಹಿಂದಿರುಗಿಸಿದೆ. ಯಾರಿಗಾಗಿ ಕೊಳ್ಳುತ್ತೇವೆಯೋ ಅವರ ಕೈಯನ್ನು ಮೊದಲು ನೋಡಬೇಕಿತ್ತು. ನಾನು ಅಂಗಡಿಯ ಕಪಾಟನ್ನು ನೋಡಿದ್ದೆ.

ಒಳ್ಳೆಯ ಮಾದರಿಯ ಹೆಸರು ಹೇಳಿಬಿಡಿ ಎಂದು ಬಾಗಿಲಲ್ಲೇ ಇಬ್ಬರು ಕೇಳಿದರು. ಹೇಳಲಾರೆ. ಇವತ್ತು ಹೇಳಿದ ಮಾದರಿ ಈ ಪತ್ರಿಕೆ ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಅಂಗಡಿಯಿಂದ ಮಾಯವಾಗಿರುತ್ತದೆ. ಏನನ್ನು ನೋಡಬೇಕು ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ.

ಹಾಡು ಎಲ್ಲಿ ಕೂರುತ್ತದೆ ಎಂಬುದು ಮೊದಲನೆಯದು. ಯಂತ್ರದೊಳಗೆ ಎಷ್ಟೇ ಸ್ಮೃತಿಯಿದ್ದರೂ ಸರಿ, ಉಗುರಿನಷ್ಟಗಲದ ಮೈಕ್ರೋ ಎಸ್‌ಡಿ ಕಾರ್ಡಿಗೆ ಕಿಂಡಿಯಿಲ್ಲದ ಯಂತ್ರವನ್ನು ನಾನು ಇನ್ನು ಕೊಳ್ಳುವುದಿಲ್ಲ. ಯಂತ್ರ ಸತ್ತರೆ ಕಾರ್ಡನ್ನು ಎಳೆದುಕೊಂಡು ಇನ್ನೊಂದಕ್ಕೆ ಹಾಕಬಹುದು. ಅಮ್ಮನ ಯಂತ್ರದಲ್ಲಿ ಆ ಕಿಂಡಿಯೊಂದಿದ್ದಿದ್ದರೆ ಈ ಉಪನ್ಯಾಸವೇ ಇರುತ್ತಿರಲಿಲ್ಲ. ಆದರೆ ಕಾರ್ಡುಗಳಲ್ಲಿ ಖೋಟಾ ಬಹಳ. ಮೇಲೆ 128 ಎಂದು ಬರೆದಿದ್ದು ಒಳಗೆ ಅದರ ಕಾಲುಭಾಗವೂ ಇಲ್ಲದವು ಇವೆ. ಅವು ತುಂಬಿದ ಮೇಲೂ ತುಂಬಿಲ್ಲವೆಂದು ನಟಿಸಿ ಹಾಡುಗಳನ್ನು ನುಂಗುತ್ತವೆ. ಹೊಸ ಕಾರ್ಡನ್ನು ಕಂಠದವರೆಗೆ ತುಂಬಿ, ಕೊನೆಯಲ್ಲಿ ಹಾಕಿದ ಹಾಡು ನುಡಿಯುತ್ತದೆಯೇ ಎಂದು ನೋಡಿಯೇ ನಂಬಬೇಕು.

ಎರಡನೆಯದು ಬ್ಯಾಟರಿ. ಲಿಥಿಯಂ ಬ್ಯಾಟರಿ ಕೆಲವು ನೂರು ಬಾರಿ ತುಂಬಿ ಖಾಲಿಯಾಗುವಷ್ಟರಲ್ಲಿ ಸೊರಗುತ್ತದೆ. ಬಳಸದೆ ಮೇಜಿನ ಖಾನೆಯಲ್ಲಿಟ್ಟರೂ ಮುಪ್ಪಾಗುತ್ತದೆ. ಆದುದರಿಂದ "ಹೊಸದೇ, ಹತ್ತು ವರ್ಷದಿಂದ ಪೆಟ್ಟಿಗೆ ಒಡೆದಿಲ್ಲ" ಎಂದು ಮಾರುವ ಹಳೆಯ ಯಂತ್ರಕ್ಕೆ ಹೊಸದರ ಬೆಲೆ ಕೊಡಬಾರದು. ಹಿಂಬದಿಯ ಮುಚ್ಚಳಕ್ಕೆ ತಿರುಪುಗಳಿವೆಯೇ, ಅಂಟಿದೆಯೇ ಎಂದು ನೋಡಿ. ತಿರುಪು ಇದ್ದಲ್ಲಿ ಆಸೆಯಿದೆ. ಮುಚ್ಚಳ ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಆಗ ವಿದ್ಯುತ್ತಿಗೆ ಹಚ್ಚಲೇಬಾರದು, ಚುಚ್ಚಲೂಬಾರದು.

ದುರಸ್ತಿಯ ವಿಚಾರದಲ್ಲಿ ನದಿಯ ಆಚೆಯವರಿಗೆ ಒಂದು ಅನುಕೂಲವಾಗಿದೆ. ನ್ಯೂಯಾರ್ಕ್ ರಾಜ್ಯದ ರಾಜ್ಯಪಾಲೆ ಕ್ಯಾಥಿ ಹೋಕಲ್ 2022ರ ಡಿಸೆಂಬರಿನಲ್ಲಿ ಡಿಜಿಟಲ್ ಉಪಕರಣಗಳ ದುರಸ್ತಿ ಹಕ್ಕಿನ ಕಾನೂನಿಗೆ ಸಹಿ ಹಾಕಿದರು. ತಯಾರಕರು ತಮ್ಮ ಅಧಿಕೃತ ದುರಸ್ತಿದಾರರಿಗೆ ಕೊಡುವ ಬಿಡಿಭಾಗ, ಸಲಕರಣೆ, ಮಾಹಿತಿಗಳನ್ನು ಬಳಕೆದಾರರಿಗೂ ಹೊರಗಿನ ದುರಸ್ತಿ ಅಂಗಡಿಗಳಿಗೂ ಒದಗಿಸಬೇಕೆಂದು ಅದು ವಿಧಿಸುತ್ತದೆ. 2023ರ ಜುಲೈ 1ರ ಬಳಿಕದ ಉಪಕರಣಗಳಿಗೆ ಮಾತ್ರ ಅನ್ವಯ. ಸಹಿಗೆ ಮುನ್ನ ಮಾಡಿದ ತಿದ್ದುಪಡಿಗಳಿಂದ ಅದರ ಹಲ್ಲು ಕೊಂಚ ಮೊಂಡಾಯಿತೆಂಬ ಟೀಕೆಯಿದೆ, ಒಪ್ಪುತ್ತೇನೆ. ಯುರೋಪಿನ ಒಕ್ಕೂಟ 2023ರಲ್ಲಿ ಒಪ್ಪಿದ ಬ್ಯಾಟರಿ ನಿಯಮವು ಕೈಯಲ್ಲಿ ಒಯ್ಯುವ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕೆಂಬುದಕ್ಕೆ 2027ರ ಫೆಬ್ರವರಿ 18ರ ದಿನಾಂಕವನ್ನು ಗೊತ್ತುಮಾಡಿದೆ. ಆತುರವಿಲ್ಲದವರು ಇದನ್ನು ನೆನಪಿನಲ್ಲಿಡಬಹುದು.

ಇನ್ನು ನಮ್ಮವರಿಗೇ ವಿಶೇಷವಾದ ಕೆಲವು ಪರೀಕ್ಷೆಗಳಿವೆ. ಇಂಗ್ಲಿಷಿನ ಗ್ರಾಹಕ ಪತ್ರಿಕೆಗಳು ಇವನ್ನು ಹೇಳುವುದಿಲ್ಲ. ಗಮಕ, ಹರಿಕಥೆ, ಕಛೇರಿಗಳ ಧ್ವನಿಮುದ್ರಣ ಒಂದೊಂದು ಗಂಟೆಯದಿರುತ್ತದೆ. ಮಧ್ಯದಲ್ಲಿ ನಿಲ್ಲಿಸಿ ಮಾರನೆಯ ದಿನ ಹಚ್ಚಿದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತದೆಯೇ? ಅನೇಕ ಅಗ್ಗದ ಯಂತ್ರಗಳು ಮೊದಲಿನಿಂದ ಶುರುಮಾಡುತ್ತವೆ. ಮೂರು ನಿಮಿಷದ ಸಿನಿಮಾ ಹಾಡಿಗೆ ಅದರಿಂದ ತೊಂದರೆಯಿಲ್ಲ, ಭಾರತ ವಾಚನಕ್ಕೆ ಅದು ಮರಣಾಂತಿಕ. ರಾಗ, ತಾನ, ಪಲ್ಲವಿಗಳನ್ನು ಮೂರು ಕಡತಗಳಾಗಿ ತುಂಡರಿಸಿದ ಸಿ.ಡಿ.ಗಳಿವೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರ ಅರೆಕ್ಷಣ ಮೌನವಾದರೆ ತಂಬೂರಿಯ ಶ್ರುತಿ ಕತ್ತರಿಸಿದಂತಾಗುತ್ತದೆ. ಅಂಗಡಿಯಲ್ಲೇ ಕೇಳಿ ನೋಡಬೇಕು. ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರು ನನ್ನ ಹಾಗೆ ಹಟಮಾರಿಗಳಾಗಿದ್ದರೆ 'ಕ್ಷೇತ್ರಜ್ಞ' ಎಂಬೊಂದು ಹೆಸರಿನ ಕಡತವನ್ನು ಕಾರ್ಡಿನಲ್ಲಿಟ್ಟುಕೊಂಡು ಹೋಗಿ. ಬಹಳಷ್ಟು ಸಣ್ಣ ಯಂತ್ರಗಳಲ್ಲಿ ಅದು ಖಾಲಿ ಚೌಕಗಳ ಸಾಲಾಗಿ ಕಾಣುತ್ತದೆ. ಕೆಲವದರಲ್ಲಿ ಒತ್ತಕ್ಷರಗಳು ಸಂಸಾರ ಬಿಟ್ಟು ಬೇರೆ ಬೇರೆ ನಿಲ್ಲುತ್ತವೆ. ಆಂಡ್ರಾಯ್ಡ್ ಆಧಾರಿತ ಯಂತ್ರಗಳು ಸರಿಯಾಗಿ ತೋರಿಸುತ್ತವೆ, ಆದರೆ ಅವುಗಳಲ್ಲಿ ಗುಂಡಿಗಳು ಕಡಿಮೆ, ಪರದೆ ಹೆಚ್ಚು. ಎರಡೂ ಒಂದರಲ್ಲೇ ಸಿಗುವುದು ಕಷ್ಟ. ಅಮ್ಮನಿಗಾಗಿ ನಾನು ಗುಂಡಿಯನ್ನೇ ಆರಿಸಿದೆ, ಹೆಸರುಗಳ ಬದಲು 01, 02 ಎಂದು ಅಂಕೆಗಳನ್ನಿಟ್ಟೆ.

ಕಿವಿಗೆ ಹಾಕುವ ತಂತಿಯ ಕಿಂಡಿ ಇರಲಿ. ಬ್ಲೂಟೂತ್ ಹಿರಿಯರ ಪಾಲಿಗೆ ಪ್ರತಿ ಬೆಳಿಗ್ಗೆ ಹೊಸದಾಗಿ ಮದುವೆ ಮಾಡಿಸಬೇಕಾದ ಸಂಬಂಧ. ವಿದ್ಯುತ್ ತುಂಬುವ ಕಿಂಡಿ ಯುಎಸ್‌ಬಿ-ಸಿ ಆಗಿದ್ದರೆ ತಂತಿಯನ್ನು ಹೇಗೆ ತಿರುವಿ ಹಾಕಿದರೂ ಕೂರುತ್ತದೆ. ಕಣ್ಣು ಕಾಣದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಎಂಪಿ3, ಫ್ಲ್ಯಾಕ್, ವೇವ್ ಮೂರನ್ನೂ ನುಡಿಸಬೇಕು. ಯಾವುದೇ ಒಂದು ಕಂಪನಿಯ ತಂತ್ರಾಂಶದ ಮೂಲಕವೇ ಹಾಡು ಹಾಕಬೇಕೆಂಬ ಯಂತ್ರ ಬೇಡ. ಕೊಂಡ ಮೇಲೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಅದನ್ನು ದಿನವೂ ದುಡಿಸಿ, ಒಮ್ಮೆ ಪೂರ್ತಿ ತುಂಬಿ ಮೂರು ದಿನ ಮುಟ್ಟದೆ ಇಟ್ಟು ನೋಡಿ. ಸುಮ್ಮನಿದ್ದೇ ಬ್ಯಾಟರಿ ಬರಿದಾದರೆ ವಾಪಸು ಕೊಡಿ. ಮ್ಯಾನ್‌ಹಟನ್ನಿನ ಪಾರ್ಕ್ ರೋದಲ್ಲಿ ಜೆ ಅಂಡ್ ಆರ್ ಅಂಗಡಿಯಿದ್ದ ಕಾಲದಲ್ಲಿ ಹತ್ತು ಯಂತ್ರಗಳನ್ನು ಮುಟ್ಟಿ ನೋಡಿ ಕೊಳ್ಳಬಹುದಿತ್ತು. ಅದು 2014ರಲ್ಲಿ ಮುಚ್ಚಿತು. ಒಂಬತ್ತನೆಯ ಅವೆನ್ಯೂವಿನ ಬಿ ಅಂಡ್ ಎಚ್ ಇದೆ. ಅಲ್ಲಿಗೆ ಹೋಗುವವರು ಶನಿವಾರ ಹಗಲು ಹೋಗಬೇಡಿ, ಸಬ್ಬತ್ತಿನ ರಜೆಯಿರುತ್ತದೆ. ನಾನು ಹೋಗಿ ಬೀಗ ನೋಡಿ ಬಂದಿದ್ದೇನೆ.

ಮಾವನ ಧ್ವನಿ ಏನಾಯಿತೆಂದು ನೀವು ಕೇಳುವ ಮೊದಲೇ ಹೇಳಬೇಕು. ಅಕ್ಕನ ಮಗ ತುಂಬಿಸಿದ್ದು ನಾಲ್ಕು ಮೂಲ ಸುರುಳಿಗಳಿಂದ. ನೆಲಮಾಳಿಗೆಯ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ಸಿಕ್ಕವು. ಅವುಗಳ ಜೊತೆಗೆ ನನ್ನ ಹಳೆಯ ಕ್ಯಾಸೆಟ್ ಯಂತ್ರವೂ ಸಿಕ್ಕಿತು. ಅದನ್ನು ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಅಂಟಾಗಿತ್ತು. ಬಹಳ ವರ್ಷ ಸುಮ್ಮನಿಟ್ಟ ಯಂತ್ರಗಳ ಸಾಮಾನ್ಯ ಕಾಯಿಲೆ ಇದು. ಇದೊಂದನ್ನು ನೋಡಿ ಯಂತ್ರ ಸತ್ತಿತೆಂದು ಎಸೆಯಬಾರದು; ಹೊಸ ಬೆಲ್ಟು ಕೆಲವೇ ಡಾಲರಿನದು. ಅಂಟನ್ನು ಮದ್ಯಸಾರದಿಂದ ಒರೆಸಿ, ಬೆಲ್ಟು ಹಾಕಿ, ಓದುವ ತಲೆಯನ್ನು ಶುಚಿಮಾಡಿದೆ. ಮೊದಲು ಪರೀಕ್ಷೆಗೆ ಹಾಕಬೇಕಾದದ್ದು ಕಳೆದರೂ ಚಿಂತೆಯಿಲ್ಲದ ಸುರುಳಿಯನ್ನು. ಯಂತ್ರಕ್ಕೆ ಟೇಪು ತಿನ್ನುವ ಚಟವಿದ್ದರೆ ಅಲ್ಲಿಯೇ ತಿಳಿಯುತ್ತದೆ.

ಹೊಸ ಕ್ಯಾಸೆಟ್ ಯಂತ್ರಗಳೂ ಈಚೆಗೆ ಮತ್ತೆ ಬಂದಿವೆ. ಸೋನಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ನಿನ ಮಾರಾಟ ನಿಲ್ಲಿಸಿದ್ದು 2010ರಲ್ಲಿ. ಫಿಯೋ ಎಂಬ ಚೀನಾದ ಕಂಪನಿ 2024ರಲ್ಲಿ ಸಿಪಿ13 ಎಂಬ ಹೊಸ ಯಂತ್ರವನ್ನು ತಂದಿತು. ಕೆಟ್ಟದ್ದೇನಲ್ಲ, ಆದರೆ ಡಾಲ್ಬಿಯಿಲ್ಲ. ತೀರ ಅಗ್ಗದ, ಸುರುಳಿಯನ್ನು ನೇರ ಗಣಕಕ್ಕೆ ಇಳಿಸುತ್ತೇನೆಂದು ಜಂಬ ಕೊಚ್ಚುವ ಪ್ಲಾಸ್ಟಿಕ್ ಡಬ್ಬಿಗಳನ್ನು ನಾನು ಹೊಗಳಲಾರೆ. ಹೊಸದಿರಲಿ ಹಳೆಯದಿರಲಿ, ಕ್ಯಾಸೆಟ್ ಯಂತ್ರವನ್ನು ಪರೀಕ್ಷಿಸಲು ನಮ್ಮ ಬಳಿ ತಂಬೂರಿಯಿದೆ. ಬರಿಯ ತಂಬೂರಿ ನುಡಿಯುವ ಭಾಗವನ್ನು ಹಾಕಿ ಕಣ್ಣು ಮುಚ್ಚಿ ಕೇಳಿ. ನಾದ ಅಲೆಯಂತೆ ತೂಗಾಡಿದರೆ ಯಂತ್ರದ ಓಟ ಸಮವಿಲ್ಲ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು; ಆ ವೇಗ ನೂರಕ್ಕೆ ಆರು ಹೆಚ್ಚಿದರೆ ಶ್ರುತಿಯೇ ಒಂದು ಮನೆ ಏರುತ್ತದೆ. ಮೊದಲ ದಿನ ನನ್ನ ಯಂತ್ರ ಹಾಗೆಯೇ ಓಡಿತು. ಅಮ್ಮ ದೂರದಿಂದಲೇ, "ಅಣ್ಣಯ್ಯನಿಗೆ ಇಷ್ಟು ಕೀಚಲು ಗಂಟಲಿರಲಿಲ್ಲ" ಎಂದರು. ಮೋಟಾರಿನ ವೇಗದ ತಿರುಪನ್ನು ಎಷ್ಟು ತಿರುಗಿಸಬೇಕೆಂಬುದಕ್ಕೆ ಅವರ ಕಿವಿಯೇ ನನ್ನ ಅಳತೆಗೋಲಾಯಿತು.

ಸುರುಳಿಯನ್ನು ಕಡತಕ್ಕೆ ಇಳಿಸಲು ಅಡ್ಡದಾರಿಯಿಲ್ಲ. 90 ನಿಮಿಷದ ಸುರುಳಿಗೆ 90 ನಿಮಿಷ ಕೂರಬೇಕು. ಸಿ.ಡಿ.ಯ ಗುಣಮಟ್ಟದಲ್ಲಿ ಹಾಗೆಯೇ ಇಟ್ಟರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್, ಒಂದು ಸುರುಳಿಗೆ ಸುಮಾರು 950. ಫ್ಲ್ಯಾಕ್ ರೂಪದಲ್ಲಿ ನಾದ ಕಿಂಚಿತ್ತೂ ಕಳೆಯದೆ ಅದು ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ 64 ಗಿಗಾಬೈಟಿನ ಒಂದು ಕಾರ್ಡಿನಲ್ಲಿ ನೂರಕ್ಕೂ ಹೆಚ್ಚು ಸುರುಳಿಗಳು ಕೂರುತ್ತವೆ. ನಮ್ಮಲ್ಲಿ ಯಾರ ಮನೆಯ ಇಡೀ ಪೆಟ್ಟಿಗೆಯೂ ಅದರಲ್ಲಿ ಅಡಗೀತು. ನಾನು ಒಂದು ಪ್ರತಿಯನ್ನು ಯಂತ್ರದಲ್ಲಿ, ಒಂದನ್ನು ಗಣಕದಲ್ಲಿ, ಮೂರನೆಯದನ್ನು ಮೈಸೂರಿನ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ.

ಮೂರು ಸುರುಳಿಗಳಲ್ಲಿ ಎರಡು ಇಡಿಯಾಗಿ ಬಂದವು. ಮೂರನೆಯದರ ಎರಡನೆಯ ಬದಿಯಲ್ಲಿ ಹದಿನೈದು ನಿಮಿಷದ ಬಳಿಕ ಗಮಕ ಥಟ್ಟನೆ ನಿಂತು ಸಿನಿಮಾ ಹಾಡು ಶುರುವಾಗುತ್ತದೆ. 1986ರಲ್ಲಿ, ಕಾಲೇಜಿನಲ್ಲಿದ್ದಾಗ, ಖಾಲಿ ಸುರುಳಿ ಕೊಳ್ಳಲು ದುಡ್ಡಿಲ್ಲದೆ ಮಾವನ ಮೇಲೆ ಹಾಡು ತುಂಬಿದವನು ನಾನೇ. ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದರೆ ಅದು ಅಳಿಯುತ್ತಿರಲಿಲ್ಲ. ನಿಮ್ಮ ಮನೆಯ ಸುರುಳಿಗಳಲ್ಲಿ ಅವು ಇನ್ನೂ ಇದ್ದರೆ ಇವತ್ತು ರಾತ್ರಿಯೇ ಮುರಿದುಬಿಡಿ. ನಾಲ್ಕನೆಯ ಸುರುಳಿ ಸಿಗಲೇ ಇಲ್ಲ. ಅದು ಆ ಸತ್ತ ಯಂತ್ರದೊಳಗೆ ಮಾತ್ರ ಇದೆ. ಸ್ಮೃತಿಯ ಚಿಪ್ಪನ್ನೇ ಕಿತ್ತು ಓದುವ ಕಸುಬಿನವರಿದ್ದಾರೆ. ವಿಚಾರಿಸಿದ್ದೇನೆ, ಇನ್ನೂ ಕೊಟ್ಟಿಲ್ಲ. ಕಿತ್ತರೆ ಇರುವುದೂ ಹೋದೀತೆಂಬ ಅಂಜಿಕೆ. ಯಂತ್ರ ಅಮ್ಮನ ಮೇಜಿನ ಖಾನೆಯಲ್ಲಿ ಒಂದು ಕುಂಕುಮದ ಡಬ್ಬಿಯ ಪಕ್ಕದಲ್ಲಿದೆ.

ಹೊಸ ಯಂತ್ರ ಬಂದ ದಿನ ಅಮ್ಮ ಬೆರಳಿನಿಂದ ಗುಂಡಿಗಳನ್ನು ಎಣಿಸಿದರು, ಆರು. ಒಂದು ಹೆಚ್ಚಾಯಿತೆಂದು ಗೊಣಗಿ, ನಡುವಿನದನ್ನು ಒತ್ತಿದರು. ಗಮಕ ಆರಂಭವಾಗಿ ಸ್ವಲ್ಪ ಹೊತ್ತಿಗೆ ಕುಕ್ಕರು ಕೂಗಿತು. "ಇದು ಮೂರನೇದು. ಈಗ ಅತ್ತಿಗೆ ಒಲೆ ಆರಿಸ್ತಾಳೆ, ನೋಡು" ಎಂದರು. ಆ ಬಳಿಕ ಕುಕ್ಕರಿನ ಸದ್ದು ಬರಲಿಲ್ಲ.

ಹಿಂದಿನ ಮೇಜಿನ ಮೇಲೆ ನಾಲ್ಕು ಯಂತ್ರಗಳನ್ನೂ ಕೆಲವು ಬೆಲ್ಟುಗಳನ್ನೂ ಇಟ್ಟಿದ್ದೇನೆ. ಹಿಂಬದಿಯ ಮುಚ್ಚಳ ಬಿಚ್ಚಿಯೇ ತಂದಿದ್ದೇನೆ, ಒಳಗೆ ಏನಿದೆಯೆಂದು ಕಾಣಲಿ. ಯಾರಾದರೂ ಸುರುಳಿ ತಂದಿದ್ದರೆ ವಿರಾಮದಲ್ಲಿ ಹಾಕಿ ನೋಡೋಣ. ಕಾಫಿಯ ಲೋಟ ಮಾತ್ರ ಆ ಮೇಜಿನಿಂದ ದೂರವಿರಲಿ.